ಆ್ಯಪ್ ಬಂತು ಸರಿ, ಕೆಲಸ ಹಂಚಿಕೊಂಡಿರಾ?

ಮಗಳೇ, ನಿನ್ನ ಪುಟ್ಟನ ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಹಾಕಿಸಿ, ಫೋನಿಗೆ ಮೂರು ಆ್ಯಪ್ ಇಳಿಸಿಕೊಂಡಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಒಂದು ಶುಗರ್ ತೋರಿಸುವುದಕ್ಕೆ, ಒಂದು ಊಟದ ಲೆಕ್ಕಕ್ಕೆ, ಇನ್ನೊಂದು ಇನ್ಸುಲಿನ್ ಹೊತ್ತು ಜ್ಞಾಪಿಸುವುದಕ್ಕೆ. ಒಳ್ಳೆಯದು. ಮಕ್ಕಳ ವಾರ್ಡಿನಲ್ಲಿ ಸಿಸ್ಟರ್ ಆಗಿ ತಲೆ ನೆರೆಸಿಕೊಂಡವಳು ನಾನು, ಹೊಸದನ್ನು ಕಂಡರೆ ಮೂಗು ಮುರಿಯುವವಳಲ್ಲ. ಆದರೂ ದೊಡ್ಡಮ್ಮನ ಸಲಿಗೆಯಿಂದ ಹೇಳುತ್ತೇನೆ: ಈ ಮೂರರಲ್ಲಿ ಎರಡನ್ನು ಮುಂದಿನ ಯುಗಾದಿ ಹೊತ್ತಿಗೆ ನೀನು ತೆರೆದೂ ನೋಡುವುದಿಲ್ಲ. ಅದಕ್ಕೆ ಬೇಜಾರು ಬೇಡ. ಉಳಿಯುವ ಒಂದು ಯಾವುದು, ಯಾಕೆ ಉಳಿಯುತ್ತದೆ ಅನ್ನುವುದನ್ನು ಮಾತ್ರ ಈಗಲೇ ಯೋಚಿಸು.

ಮೊದಲ ತಿಂಗಳು ಯಾವ ಅಪ್ಪ ಅಮ್ಮನಿಗೂ ಹೊರಗಿನವರು ಹುಮ್ಮಸ್ಸು ತುಂಬಬೇಕಾಗಿಲ್ಲ. ಮಗು ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತ, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬರುತ್ತ ಆಸ್ಪತ್ರೆ ಸೇರಿದ್ದನ್ನು ಕಣ್ಣಾರೆ ಕಂಡವರು ಅವರು. ಐಸಿಯು ಬಾಗಿಲ ಹೊರಗೆ ಕೂತು ಬಂದ ಹೆದರಿಕೆಯೇ ಕೈ ಹಿಡಿದು ಬರೆಸುತ್ತದೆ. ಬೆಳಿಗ್ಗೆ ಎಷ್ಟು, ಊಟಕ್ಕೆ ಮುಂಚೆ ಎಷ್ಟು, ಎರಡು ಇಡ್ಲಿಗೆ ಎಷ್ಟು ಏರಿತು, ಎಲ್ಲವೂ ಆ್ಯಪಿನೊಳಗೆ. ಆದರೆ ಹೆದರಿಕೆಗೆ ಆಯಸ್ಸು ಕಡಿಮೆ. ಮಗು ಮತ್ತೆ ಸೈಕಲ್ ಹತ್ತಿ ಬೀದಿ ಸುತ್ತಲು ಶುರು ಮಾಡಿದ ಮೇಲೆ ಅದು ತಾನಾಗಿ ತಗ್ಗುತ್ತದೆ. ತಗ್ಗಲೂ ಬೇಕು. ದಿನವಿಡೀ ಹೆದರಿಕೊಂಡು ಬದುಕುವ ಮನೆಯಲ್ಲಿ ಮಗು ಬೆಳೆಯುವುದು ಹೇಗೆ?

ಹೆದರಿಕೆ ಹೋದ ಜಾಗಕ್ಕೆ ಬಂದು ಕೂರುವುದು ಅಪರಾಧಿ ಭಾವ. ಇದು ತಾಯಂದಿರಿಗೇ ಹೆಚ್ಚು. ಬಸುರಿಯಾಗಿದ್ದಾಗ ಮಾವಿನಹಣ್ಣು ಜಾಸ್ತಿ ತಿಂದೆ, ಮಗುವಿಗೆ ಚಾಕೊಲೇಟ್ ಕೊಟ್ಟು ಕೆಡಿಸಿದೆ ಅಂತ ಮನೆಗೆ ನೋಡಲು ಬಂದವರೇ ಅಂದು ಹೋಗುತ್ತಾರೆ. ನಿನಗೂ ಯಾರಾದರೂ ಅಂದಿರಬಹುದು. ಹಾಗಾಗಿ ಸ್ಪಷ್ಟವಾಗಿ ಕೇಳಿಸಿಕೋ: ಟೈಪ್ 1 ಸಕ್ಕರೆ ಕಾಯಿಲೆ ಸಿಹಿ ತಿಂದು ಬರುವುದಲ್ಲ. ಮೈಯ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡಿಬಿಡುತ್ತದೆ. ನಿನ್ನ ಅಡುಗೆಮನೆಗೂ ಅದಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು, ದಿನವೂ ಕೊಡಬೇಕು. ಟೊರಾಂಟೊದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಇಂಥ ಮಕ್ಕಳಿಗೆ ವೈದ್ಯರ ಬಳಿ ಇದ್ದದ್ದು ಉಪವಾಸ ಕೆಡವುವುದೊಂದೇ, ಅದೂ ಸಾವನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಲು. ಇನ್ಸುಲಿನ್ ಬಿಡಿಸಿ ಹಾಗಲಕಾಯಿ ರಸ ಕೊಡಿ ಅನ್ನುವ ಹಿತೈಷಿಗಳು ಬಂದರೆ ಕಾಫಿ ಕೊಟ್ಟು ಕಳಿಸು, ಮಾತು ಬೆಳೆಸಬೇಡ.

ಅಪರಾಧಿ ಭಾವದಿಂದ ಆ್ಯಪ್ ತುಂಬಿಸುವ ತಾಯಿ ಹೆಚ್ಚು ದಿನ ತುಂಬಿಸುವುದಿಲ್ಲ. ಪ್ರತಿ ಕೆಂಪು ಅಂಕಿಯೂ ಅವಳಿಗೆ ತನ್ನ ಮೇಲಿನ ದೂರಿನ ಹಾಗೆ ಕಾಣುತ್ತದೆ. ದೂರುಗಳನ್ನು ಎಷ್ಟು ದಿನ ಅಂತ ತಾನೇ ತೆರೆದು ಓದುತ್ತಾಳೆ?

ನಾನು ಕೆಲಸಕ್ಕೆ ಸೇರಿದಾಗ ಸೆನ್ಸರ್ ಇರಲಿ, ಗ್ಲುಕೋಮೀಟರೂ ಕೈಗೆ ಸಿಗುತ್ತಿರಲಿಲ್ಲ. ಪ್ರನಾಳದಲ್ಲಿ 5 ಮಿಲಿಲೀಟರ್ ಬೆನೆಡಿಕ್ಟ್ ದ್ರಾವಣ, ಅದಕ್ಕೆ 8 ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಅಂತ ಏರುತ್ತ ಇಟ್ಟಿಗೆ ಕೆಂಪಿಗೆ ಬಂದರೆ ತುಂಬಾ ಜಾಸ್ತಿ. ಆ ಬಣ್ಣ ಹೇಳುತ್ತಿದ್ದದ್ದು ಕೆಲವು ಗಂಟೆ ಹಿಂದಿನ ಕಥೆ. ಶುಗರ್ ಲೋ ಆಗಿದೆಯೇ ಅನ್ನುವುದನ್ನು ಅದು ಯಾವತ್ತೂ ಹೇಳುತ್ತಿರಲಿಲ್ಲ. ಮಗು ಬೆವರಿ, ನಡುಗಿ, ಕಣ್ಣು ತೇಲಿಸಿದಾಗಲೇ ನಮಗೆ ಗೊತ್ತಾಗುತ್ತಿದ್ದದ್ದು. ನಿನ್ನ ಫೋನಿನ ತೆರೆಯ ಮೇಲಿನ ಅಂಕಿ, ಅದರ ಪಕ್ಕದ ಪುಟ್ಟ ಬಾಣ, ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಮುಂಚೆಯೇ ಹೇಳುವುದನ್ನು ನೋಡಿದರೆ ನನಗೆ ಈಗಲೂ ಬೆರಗು. ಅದಕ್ಕೇ ಹೇಳುವುದು, ಇಂಥ ಸಲಕರಣೆಯನ್ನು ಜಗಳಕ್ಕೆ ಬಳಸಿ ಹಾಳು ಮಾಡಿಕೊಳ್ಳಬೇಡಿ.

ಜಗಳ ಅಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಗ್ಲುಕೋಮೀಟರ್ ಬಂದ ಮೇಲೆ ಮಕ್ಕಳು ಮೂರು ತಿಂಗಳಿಗೊಮ್ಮೆ ಓಪಿಡಿಗೆ ಬರುವಾಗ ಒಂದು ನೋಟ್‌ಬುಕ್ ತರುತ್ತಿದ್ದರು. ದಿನ, ಹೊತ್ತು, ಶುಗರ್, ಇನ್ಸುಲಿನ್ ಅಂತ ನಾಲ್ಕು ಗೀಟು ಹಾಕಿದ ಪುಟ. ನಿಜವಾಗಿ ಬರೆದ ಪುಸ್ತಕ ದೂರದಿಂದಲೇ ಗೊತ್ತಾಗುತ್ತಿತ್ತು: ಒಂದು ಸಾಲು ನೀಲಿ ಇಂಕು, ಮುಂದಿನದು ಪೆನ್ಸಿಲ್, ಮೂಲೆಯಲ್ಲಿ ಸಾರಿನ ಕಲೆ, ಅಂಚಿನಲ್ಲಿ ಬೆರಳು ಒರೆಸಿದ ತುಕ್ಕು ಬಣ್ಣದ ರಕ್ತದ ಚುಕ್ಕೆ. ಇನ್ನು ಕೆಲವು ಪುಸ್ತಕಗಳು ತುಂಬಾ ಶುದ್ಧ. ಮೂರು ತಿಂಗಳಿಗೂ ಒಂದೇ ಪೆನ್ನು, ಒಂದೇ ಓರೆ, ಅಂಕಿಗಳೆಲ್ಲ 110, 120, 140. ಹಿಂದಿನ ರಾತ್ರಿ ಕೂತು ಬರೆದದ್ದು. ಮೀಟರಿನ ಮೆಮೊರಿ ಒತ್ತಿದರೆ ಬೇರೆಯೇ ಲೆಕ್ಕ, ಹಲವು ದಿನ ಖಾಲಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಿಪೋರ್ಟು ಬಂದರಂತೂ ಮುಗಿಯಿತು.

ಆ ಮಕ್ಕಳು ಸುಳ್ಳುಗಾರರಾಗಿರಲಿಲ್ಲ. ಅವರ ಮನೆಯಲ್ಲಿ 250 ಬಂದರೆ ಬೈಗುಳ, 120 ಬಂದರೆ ಶಾಂತಿ. ಮಕ್ಕಳಿಗೆ ಬೇಕಾದದ್ದು ಶಾಂತಿ, ಬರೆದುಕೊಂಡರು. ಈಗ ಸೆನ್ಸರಿಗೆ ಸುಳ್ಳು ಬರೆಯಲು ಬರುವುದಿಲ್ಲ ಅಂತ ನೀನು ಅಂದುಕೊಳ್ಳಬಹುದು. ಆದರೆ ಸೆನ್ಸರನ್ನೇ ಕಿತ್ತು ‘ಸ್ನಾನ ಮಾಡುವಾಗ ಬಿತ್ತು’ ಅನ್ನಲು ಬರುತ್ತದೆ. ಫೋನನ್ನು ಬೇಕೆಂದೇ ದೂರ ಇಡಲು ಬರುತ್ತದೆ. ಕಳ್ಳತನದಲ್ಲಿ ತಿಂದು ಇನ್ಸುಲಿನ್ ಇಲ್ಲದೆ ಸುಮ್ಮನಿರುವುದು ಇವೆಲ್ಲಕ್ಕಿಂತ ಅಪಾಯ. ಅದನ್ನು ಕಲಿಸುವುದು ಕಾಯಿಲೆಯಲ್ಲ, ನಾವು.

ಹಾಗಾಗಿ ಫೋನ್ 260 ತೋರಿಸಿದಾಗ ‘ಏನು ತಿಂದೆ?’ ಅಂತ ಬಾಯಿಗೆ ಬರುತ್ತದಲ್ಲ, ಅದನ್ನು ನುಂಗಿಕೋ. ‘ಈಗ ಏನು ಮಾಡೋಣ?’ ಅನ್ನು. ನೀರು ಕುಡಿಯುವುದೋ, ಡಾಕ್ಟರು ಹೇಳಿಕೊಟ್ಟ ತಿದ್ದುಪಡಿ ಡೋಸೋ, ಸ್ವಲ್ಪ ಹೊತ್ತು ಕಾದು ನೋಡುವುದೋ, ಅವನೂ ಕೂತು ಯೋಚಿಸಲಿ. ಈ ಅಂಕಿ ಪರೀಕ್ಷೆಯ ಮಾರ್ಕ್ಸ್ ಕಾರ್ಡ್ ಅಲ್ಲ, ಸಹಿ ಹಾಕಿ ಬೈಯುವುದಕ್ಕೆ. ಪರಿಣತರ ಅಳತೆಯೂ ನೀನು ಹೆದರಿದಷ್ಟು ಕಟ್ಟುನಿಟ್ಟಲ್ಲ. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತಕ್ಕೆ ಬಂದ ಗುರಿ ಇಷ್ಟು: ದಿನದ ಶೇಕಡಾ 70ಕ್ಕಿಂತ ಹೆಚ್ಚು ಹೊತ್ತು ಶುಗರ್ 70ರಿಂದ 180ರ ಒಳಗಿರಲಿ. ಅಂದರೆ ಸುಮಾರು 17 ಗಂಟೆ. ಮಿಕ್ಕ ಹೊತ್ತಿನಲ್ಲಿ ಗೆರೆ ದಾಟುವುದು ಚೆನ್ನಾಗಿ ನೋಡಿಕೊಳ್ಳುವ ಮನೆಯಲ್ಲೂ ಆಗುತ್ತದೆ. 70ಕ್ಕಿಂತ ಕೆಳಗೆ ಮಾತ್ರ ದಿನಕ್ಕೆ ಒಂದು ಗಂಟೆಗಿಂತ ಕಡಿಮೆ ಇರಬೇಕು. ನಿನ್ನ ಪುಟ್ಟನ ವಯಸ್ಸಿಗೆ ಎಷ್ಟು ಅನ್ನುವುದನ್ನು ಅವನ ಡಾಕ್ಟರ ಹತ್ತಿರವೇ ಕೇಳಿಕೋ.

ಯಾವ ಆ್ಯಪ್ ಉಳಿಯುತ್ತದೆ ಅಂದೆನಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜಾನ್ ಕಾಸ್ಟಿಕ್ ಅಂತ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಅವನ ನಾಲ್ಕು ವರ್ಷದ ಮಗನಿಗೆ 2012ರಲ್ಲಿ ಇದೇ ಕಾಯಿಲೆ ಬಂತು. ಸೆನ್ಸರ್ ಹಾಕಿಸಿದರು, ಆದರೆ ಅಂಕಿ ಕಾಣುತ್ತಿದ್ದದ್ದು ಮಗುವಿನ ಹತ್ತಿರವೇ ಇದ್ದ ಪುಟ್ಟ ಯಂತ್ರದಲ್ಲಿ ಮಾತ್ರ. ಅಪ್ಪ ಆಫೀಸಿನಲ್ಲಿ, ಮಗು ಇನ್ನೆಲ್ಲೋ. ಅವನಿಗೆ ಇದ್ದದ್ದು ಒಂದೇ ಪ್ರಶ್ನೆ: ಈ ಗಳಿಗೆಯಲ್ಲಿ ನನ್ನ ಮಗನ ಶುಗರ್ ಎಷ್ಟು? ಕಂಪನಿ ಕೊಡುವ ತನಕ ಕಾಯದೆ 2013ರಲ್ಲಿ ತಾನೇ ಪ್ರೋಗ್ರಾಮ್ ಬರೆದು ಆ ಅಂಕಿಯನ್ನು ಅಂತರ್ಜಾಲಕ್ಕೆ ಏರಿಸಿದ. ಬೇರೆ ಅಪ್ಪ ಅಮ್ಮಂದಿರೂ ಕೈಜೋಡಿಸಿದರು. ಅದೇ ‘ನೈಟ್‌ಸ್ಕೌಟ್’ ಆಯಿತು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಪ್ರೋಗ್ರಾಮ್. ಅಂಕಿಯನ್ನು ದೂರದಿಂದ ನೋಡುವ ಸೌಲಭ್ಯವನ್ನು ಆಮೇಲೆ ಕಂಪನಿಗಳೇ ಕೊಟ್ಟವು. ನೀನು ಇವತ್ತು ಪುಟ್ಟನ ಶುಗರನ್ನು ನಿನ್ನ ಫೋನಿನಲ್ಲಿ ನೋಡುತ್ತೀಯಲ್ಲ, ಆ ದಾರಿಯನ್ನು ತೋರಿಸಿಕೊಟ್ಟವರಲ್ಲಿ ಈ ಅಪ್ಪ ಅಮ್ಮಂದಿರಿದ್ದಾರೆ.

ಇನ್ನೊಂದು ಕಡೆ, ವಿಯೆನ್ನಾದಲ್ಲಿ ಟೈಪ್ 1 ಇದ್ದವರೂ ಸೇರಿಕೊಂಡು ‘ಮೈಶುಗರ್’ ಅಂತ ಆ್ಯಪ್ ಮಾಡಿದರು. ಅದರಲ್ಲಿ ಕಾಯಿಲೆ ಒಂದು ಪುಟ್ಟ ರಾಕ್ಷಸ. ದಿನವೂ ಲೆಕ್ಕ ಬರೆದು ಅದನ್ನು ಪಳಗಿಸಬೇಕು. 2017ರಲ್ಲಿ ರೋಶ್ ಕಂಪನಿ ಅದನ್ನು ಕೊಂಡಿತು. ರಾಕ್ಷಸ ಮುದ್ದಾಗಿದೆ, ಸುಳ್ಳಲ್ಲ. ಆದರೆ ಆಟದ ಆಕರ್ಷಣೆ ಮಕ್ಕಳಿಗೆ ಎಷ್ಟು ದಿನ ಇರುತ್ತದೆ ಅನ್ನುವುದು ಆಟಿಕೆ ಕೊಡಿಸಿದ ಎಲ್ಲರಿಗೂ ಗೊತ್ತು. ನನ್ನ ಎಣಿಕೆಯಲ್ಲಿ ಮನೆಯಲ್ಲಿ ಒಂದು ಪ್ರಶ್ನೆ ಇದ್ದು, ಆ್ಯಪ್ ಅದಕ್ಕೆ ಉತ್ತರ ಕೊಡುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ. ಸ್ಟಾರು, ಬ್ಯಾಡ್ಜು, ಚಪ್ಪಾಳೆ ಇವೆಲ್ಲ ಒಗ್ಗರಣೆ.

ಹಾಗಾದರೆ ನಿಮ್ಮ ಮನೆಯ ಪ್ರಶ್ನೆ ಯಾವುದು? ಸಾಯಂಕಾಲ ಆಡಿ ಬಂದ ಮೇಲೆ ಯಾಕೆ ಲೋ ಆಗುತ್ತಾನೆ? ಮುದ್ದೆ ತಿಂದ ದಿನ ಯಾಕೆ ಹೀಗೆ, ಅನ್ನ ತಿಂದ ದಿನ ಯಾಕೆ ಹಾಗೆ? ಒಂದನ್ನೇ ಹಿಡಿ. ಎರಡು ವಾರ ಅದಕ್ಕೆ ಬೇಕಾದಷ್ಟನ್ನೇ ಬರೆ, ಡಾಕ್ಟರಿಗೋ ಡಯಟಿಷಿಯನ್ನಿಗೋ ತೋರಿಸು, ಉತ್ತರ ಸಿಕ್ಕ ಮೇಲೆ ಬರೆಯುವುದನ್ನು ನಿಲ್ಲಿಸು. ಆ್ಯಪ್ ಕೇಳಿತು ಅಂತ ಪ್ರತಿ ಖಾನೆಯನ್ನೂ ತುಂಬಬೇಕಾಗಿಲ್ಲ.

ಊಟದ ಆ್ಯಪಿನ ವಿಷಯದಲ್ಲಂತೂ ಜೋಪಾನ. ಪರದೇಶದ ಆ್ಯಪಿಗೆ ಬ್ರೆಡ್ಡಿನ ಸ್ಲೈಸ್ ಗೊತ್ತು, ನಮ್ಮ ಮುದ್ದೆ ಗೊತ್ತಿಲ್ಲ. ಗೊತ್ತಿದ್ದರೂ ಯಾರ ಮನೆಯ ಮುದ್ದೆ? ನಿಮ್ಮತ್ತೆ ಕಟ್ಟುವ ಒಂದು ಮುದ್ದೆ ನಿನ್ನ ಎರಡಕ್ಕೆ ಸಮ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್. 50 ಗ್ರಾಂ ಹಿಟ್ಟಿನ ಮುದ್ದೆ ಅಂದರೆ 33 ಗ್ರಾಂ ಆಸುಪಾಸು. ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ತಂದಿಡು, ಅವನ ಮುದ್ದೆಯ ಹಿಟ್ಟನ್ನು ಅಳೆದು ಹಾಕು, ಅವನ ಅನ್ನಕ್ಕೆ ಒಂದು ಬಟ್ಟಲು ಗೊತ್ತು ಮಾಡು. ಹೀಗೆ ಹತ್ತು ಹನ್ನೆರಡು ತಿಂಡಿ ಊಟದ ಲೆಕ್ಕ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದರೆ ಊಟದ ಆ್ಯಪಿನ ಮುಕ್ಕಾಲು ಕೆಲಸ ಮುಗಿಯಿತು. ಅತ್ತೆಗೂ ಓದಲು ಬರುತ್ತದೆ.

ಅತ್ತೆ ಅಂದಾಗ ನೆನಪಾಯಿತು. ಸ್ಕೂಲಿನಿಂದ ಬಂದ ಮೇಲೆ ನೀವಿಬ್ಬರೂ ಮನೆ ಸೇರುವ ತನಕ ಪುಟ್ಟ ಅವರ ಸುಪರ್ದಿಯಲ್ಲಿ. ಸ್ಮಾರ್ಟ್‌ಫೋನ್ ಅವರಿಗೆ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಬೆರಳು ಚುಚ್ಚಿ ಗ್ಲುಕೋಮೀಟರ್ ನೋಡುವುದನ್ನು ಕಲಿಸು. 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸುವುದು, ಅಂದರೆ 15 ಗ್ರಾಂ. 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಏರದಿದ್ದರೆ ಇನ್ನೊಮ್ಮೆ ಕೊಡುವುದು. ಚಾಕೊಲೇಟ್ ಬೇಡ, ಅದರಲ್ಲಿನ ಕೊಬ್ಬು ಸಕ್ಕರೆ ಏರುವುದನ್ನು ತಡ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ತಕ್ಷಣ ಆಸ್ಪತ್ರೆ. ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿಡುವ ಬಗ್ಗೆ ಡಾಕ್ಟರನ್ನು ಕೇಳು. ಹಬ್ಬದ ದಿನ ಅವರು ಮೊಮ್ಮಗನ ಕೈಗೆ ಗುಟ್ಟಾಗಿ ಹೋಳಿಗೆ ಇಟ್ಟರೆ ಸಿಟ್ಟಾಗಬೇಡ. ಹೋಳಿಗೆ ಕೊಡಬಾರದು ಅಂತಿಲ್ಲ, ಹೇಳಿ ಕೊಟ್ಟರೆ ಅದಕ್ಕೆ ತಕ್ಕ ಇನ್ಸುಲಿನ್ ಕೊಡಬಹುದು ಅಂತ ತಿಳಿಸು. ಗುಟ್ಟೇ ಬೇಕಾಗುವುದಿಲ್ಲ.

ಈಗ ಅಳಿಯಂದಿರ ವಿಷಯ. ಅವರ ಫೋನಿಗೂ ಅಂಕಿ ಹೋಗುವ ಹಾಗೆ ಮಾಡಿದ್ದೀಯಂತೆ. ಹನ್ನೊಂದು ಗಂಟೆಗೆ ಆಫೀಸಿನಲ್ಲಿ ಕೂತು 240 ನೋಡುತ್ತಾರೆ, ನಿನಗೆ ಫೋನ್ ಮಾಡಿ ‘ಬೆಳಿಗ್ಗೆ ತಿಂಡಿಗೆ ಏನು ಕೊಟ್ಟೆ?’ ಅನ್ನುತ್ತಾರೆ. ಅವರಿಗೆ ಮಗನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಪ್ರೀತಿಗೇ ಕೇಳುವುದು. ಆದರೆ ನೋಡು, ಕೆಲಸ ಮುಂಚೆ ಒಬ್ಬಳ ತಲೆಯ ಮೇಲಿತ್ತು, ಈಗ ಕೆಲಸವೂ ಇದೆ, ಮೇಲೊಬ್ಬ ಇನ್‌ಸ್ಪೆಕ್ಟರೂ ಬಂದಂತಾಯಿತು. ನಾನು ಕಂಡ ಮನೆಗಳಲ್ಲಿ ತಾಯಂದಿರು ಆ್ಯಪ್ ಬಿಟ್ಟದ್ದು ಹೆಚ್ಚಾಗಿ ಇಂಥ ಕಾರಣಕ್ಕೆ. ಬಳಸಲು ಬರದೆ ಅಲ್ಲ, ಬಳಸಿದಷ್ಟೂ ಉತ್ತರ ಕೊಡಬೇಕಾಗಿ ಬಂದದ್ದರಿಂದ.

ಅಳಿಯಂದಿರೇ, ಇದನ್ನು ನೀವೂ ಓದುತ್ತೀರಿ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಂಕಿ ನೋಡುವವರು ಕೈಗೆ ಒಂದು ಕೆಲಸವನ್ನೂ ತೆಗೆದುಕೊಳ್ಳಿ. ಸೆನ್ಸರ್ ಬದಲಾಯಿಸುವುದು ನಿಮ್ಮದಾಗಲಿ. ಇನ್ಸುಲಿನ್, ಸೂಜಿ, ಸ್ಟ್ರಿಪ್ ಮುಗಿಯುವ ಮುಂಚೆ ತರುವುದು, ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿದೆಯೇ, ಯಾರಾದರೂ ಮರೆತು ಫ್ರೀಜರಿಗೆ ತಳ್ಳಿದ್ದಾರೆಯೇ ಅಂತ ನೋಡುವುದು ನಿಮ್ಮದಾಗಲಿ. ಸ್ಕೂಲಿಗೆ ಹೋಗಿ ಕ್ಲಾಸ್ ಟೀಚರ್ ಮತ್ತು ಪಿಟಿ ಮಾಸ್ತರಿಗೆ ಲೋ ಅಂದರೇನು, ಬ್ಯಾಗಿನ ಯಾವ ಜೇಬಿನಲ್ಲಿ ಗ್ಲುಕೋಸ್ ಇದೆ ಅಂತ ತೋರಿಸಿ ಬನ್ನಿ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಮಕ್ಕಳು ಬೋರ್ಡ್ ಪರೀಕ್ಷೆಗೆ ಗ್ಲುಕೋಸ್ ಮಾತ್ರೆ, ಹಣ್ಣು, ತಿಂಡಿ ಒಯ್ಯಲು ಅನುಮತಿ ಕೊಟ್ಟಿದೆ. ಕ್ಲಾಸಿನಲ್ಲಿ ತಿನ್ನಬಾರದು ಅಂತ ಯಾರಾದರೂ ತಕರಾರು ತೆಗೆದರೆ ಈ ಮಾತು ನಿಮ್ಮ ಸಹಾಯಕ್ಕೆ ಬರುತ್ತದೆ.

ಖರ್ಚಿನ ಮಾತನ್ನೂ ಆಡಬೇಕು. ಹದಿನಾಲ್ಕು ದಿನದ ಸೆನ್ಸರಿಗೆ ಸಾವಿರಗಟ್ಟಲೆ ದುಡ್ಡು. ವರ್ಷವಿಡೀ ಹಾಕುವುದು ಎಲ್ಲರಿಗೂ ಆಗುವ ಮಾತಲ್ಲ. ಕೈ ಬಿಗಿಯಾದ ತಿಂಗಳು ಸ್ಟ್ರಿಪ್ಪಿಗೆ ಮರಳಿದರೆ ನೀವು ಮಗುವಿಗೆ ಅನ್ಯಾಯ ಮಾಡಿದಂತಲ್ಲ. ಹೊಸ ಡೋಸ್ ಶುರುವಾದಾಗ, ಜ್ವರ ಬಂದು ಏರುಪೇರಾದಾಗ, ರಾತ್ರಿ ಲೋ ಆಗುತ್ತಿದೆಯೋ ಅನ್ನುವ ಅನುಮಾನ ಬಂದಾಗ ಸೆನ್ಸರ್ ಹಾಕಿ, ಮಿಕ್ಕಂತೆ ದಿನಕ್ಕೆ ಡಾಕ್ಟರು ಹೇಳಿದಷ್ಟು ಸಲ ಬೆರಳು ಚುಚ್ಚಿ ನೋಡುತ್ತ ಚೆನ್ನಾಗಿ ಬೆಳೆಸಿದವರಿದ್ದಾರೆ. ದುಡ್ಡಿಲ್ಲದಿದ್ದರೆ ಮೊದಲು ಆ್ಯಪ್ ಬಿಡಿ, ಆಮೇಲೆ ಸೆನ್ಸರ್ ಬಿಡಿ. ಇನ್ಸುಲಿನ್ ಮತ್ತು ಸ್ಟ್ರಿಪ್ ಮಾತ್ರ ಬಿಡುವಂತಿಲ್ಲ.

ಪುಟ್ಟನ ಲೆಕ್ಕ ಯಾರ ಯಾರ ಕೈಗೆ ಹೋಗುತ್ತದೆ ಅನ್ನುವುದರ ಮೇಲೂ ಒಂದು ಕಣ್ಣಿರಲಿ. ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಗಿದೆ. ಹದಿನೆಂಟು ತುಂಬದವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಅದು ಹೇಳುತ್ತದೆ. ಕಾಯ್ದೆ ಏನೇ ಹೇಳಲಿ, ‘ಒಪ್ಪಿದೆ’ ಬಟನ್ ಒತ್ತುವವಳು ನೀನು. ಶುಗರ್ ಲೆಕ್ಕದ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿ ಕೇಳಿದರೆ ಯಾಕೆ ಅಂತ ಕೇಳು. ಗ್ರಾಫಿನ ಫೋಟೋ ನೆಂಟರ ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ನಾಳೆ ಅವನಿಗೆ ಹದಿಮೂರು ಹದಿನಾಲ್ಕಾದಾಗ ‘ನನ್ನ ಶುಗರ್ ಯಾರು ನೋಡಬೇಕು?’ ಅಂತ ಅವನೇ ಕೇಳುತ್ತಾನೆ. ಆಗ ಕೂತು ಮಾತಾಡಿ, ಒಂದೊಂದಾಗಿ ಅವನ ಕೈಗೆ ಬಿಡಿ. ಒಂದೇ ಸಲಕ್ಕೆ ಪೂರ್ತಿ ಬಿಡಬೇಡಿ, ಆ ವಯಸ್ಸಿನಲ್ಲಿ ಇನ್ಸುಲಿನ್ ತಪ್ಪಿಸುವುದು ಹೆಚ್ಚು.

ಕೊನೆಗೆ ರಾತ್ರಿಯ ಅಲಾರಂ. ಪುಟ್ಟ ಸೆನ್ಸರ್ ಇರುವ ಕಡೆಗೇ ಹೊರಳಿ ಮಲಗಿದರೆ ಆ ಜಾಗ ಒತ್ತಿಕೊಂಡು ಅಂಕಿ ಸುಳ್ಳಾಗಿ ಕೆಳಗಿಳಿಯುತ್ತದೆ. ಎರಡು ಗಂಟೆಗೆ 58 ಅಂತ ಕೂಗಿತು ಅಂತ ನಿದ್ದೆಗಣ್ಣಿನಲ್ಲಿ ಮಗುವಿನ ಬಾಯಿಗೆ ಸಕ್ಕರೆ ನೀರು ಸುರಿಯಬೇಡ. ಸೆನ್ಸರ್ ಅಳೆಯುವುದು ಚರ್ಮದಡಿಯ ದ್ರವವನ್ನು, ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಅವನನ್ನು ಎಬ್ಬಿಸಿ ಮಾತಾಡಿಸು, ಬೆವರಿದ್ದಾನೆಯೇ ನೋಡು, ಬೆರಳು ಚುಚ್ಚಿ ಖಾತ್ರಿ ಮಾಡಿಕೋ. ಮೀಟರ್ ಕೈಗೆ ಸಿಗದಿದ್ದರೆ, ಅವನು ಬೆವರಿ ತೊದಲುತ್ತಿದ್ದರೆ, ಪರೀಕ್ಷೆಗೆ ಕಾಯದೆ ಸಕ್ಕರೆ ಕೊಡು. ಸುಳ್ಳು ಅಲಾರಂ ದಿನವೂ ಕೂಗಿದರೆ ಜನ ಅದನ್ನು ಆರಿಸಿಯೇ ಬಿಡುತ್ತಾರೆ. ಹಾಗೆ ಆರಿಸುವ ಬದಲು ಮುಂದಿನ ಸಲ ಇನ್ನೊಂದು ತೋಳಿಗೆ ಸೆನ್ಸರ್ ಹಾಕಿ, ಡಾಕ್ಟರನ್ನು ಕೇಳಿ ಅಲಾರಮ್ಮಿನ ಗಡಿ ಹೊಂದಿಸಿಕೊಳ್ಳಿ.

ಒಬ್ಬಳೇ ದಿನವೂ ಎದ್ದರೆ ನಿನ್ನ ಆರೋಗ್ಯ ಕೆಡುತ್ತದೆ. ಸೋಮವಾರದಿಂದ ಯಾವ ರಾತ್ರಿ ಯಾರದು ಅಂತ ಇಬ್ಬರೂ ಕೂತು ಕ್ಯಾಲೆಂಡರಿನ ಮೇಲೆ ಬರೆಯಿರಿ. ಅಳಿಯಂದಿರ ಸರದಿಯ ರಾತ್ರಿ ನಿನ್ನ ಫೋನ್ ಪಕ್ಕದ ಕೋಣೆಯಲ್ಲಿರಲಿ.